ಬೀಗರ ಹಾಡಿಗೆ ಬಂದ ನೋಟಿಸು

ನನ್ನ ಹೆಂಡತಿ ರುದ್ರವ್ವ ಭಯೋತ್ಪಾದಕಿ ಎಂದು ತಿಳಿಯಲು ನನಗೆ ಐವತ್ತು ವರ್ಷದ ಸಂಸಾರ ಸಾಲಲಿಲ್ಲ. ಒಂದು ಯಂತ್ರ ಬಂದು ಹೇಳಬೇಕಾಯಿತು.

ಆ ಭಾನುವಾರ ಮೊಮ್ಮಗಳು ವೈಶಾಲಿ ಗಂಡನ ಜೊತೆ ಮುಂಬಯಿಯ ಭಾಂಡುಪಿನ ನಮ್ಮ ಮನೆಗೆ ಬಂದಳು. ಮದುವೆಯ ಅರಿಷಿಣ ಇನ್ನೂ ಅವಳ ಉಗುರು ಬಿಟ್ಟಿರಲಿಲ್ಲ. ಗಂಡ ಪ್ರಶಾಂತ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಫೋನನ್ನು ನನ್ನ ಮೂಗಿನ ಮುಂದೆ ಹಿಡಿದ. ನಾನು ಓದಿದ್ದು ಎರಡನೇ ಇಯತ್ತೆ, ಅದೂ ಮಳೆಗಾಲ ಬಿಟ್ಟು. ಇಂಗ್ಲಿಷ್ ಅಕ್ಷರ ನನಗೆ ಇರುವೆ ಸಾಲು.

"ಏನಪಾ ಇದು?"

"ಅಜ್ಜರೇ, ನನ್ನ ಅಕೌಂಟ್ ಬಂದ್ ಮಾಡಿದ್ದಾರೆ. ಟೆರರಿಸ್ಟ್ ಕಂಟೆಂಟ್ ಅಂತ."

"ಅಂಥಾದ್ದೇನ ಮಾಡಿದ್ಯೋ ಮಾರಾಯಾ?"

ಅವನು ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದ. "ನಾನೆಂತ ಮಾಡ್ಲಿಲ್ಲ. ಅಜ್ಜಿ ಹಾಡಿದ್ದನ್ನು ಹಾಕಿದೆ, ಅಷ್ಟೇ."

ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. ರುದ್ರವ್ವನ ಕಿವಿಗೆ ಎಪ್ಪತ್ತಾದರೂ ತನ್ನ ಸುದ್ದಿ ಬಂದಾಗ ಅದಕ್ಕೆ ಹದಿನಾರೇ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಾವು ಬೆಳಗಾವಿ ಕಡೆಯವರು. ನಮ್ಮಲ್ಲಿ ಮದುವೆಯ ದಿನ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಎದುರಿಗೆ ಕೂರಿಸಿ ಹಾಡಿನಲ್ಲಿ ಬೈಯುತ್ತಾರೆ. ಬೀಗರ ಹಾಡು ಎನ್ನುತ್ತೇವೆ. ಎಷ್ಟು ಚೆನ್ನಾಗಿ ಬೈದರೆ ಅಷ್ಟು ಮರ್ಯಾದೆ. ಮದುಮಗ ಏನು ಕೆಲಸ ಮಾಡುತ್ತಾನೋ ಅದನ್ನು ಹಾಡಿನಲ್ಲಿ ತರಲೇಬೇಕು. ಕುಂಬಾರನಾದರೆ ಗಡಿಗೆ ಒಡೆಯುತ್ತೇವೆ ಎನ್ನಬೇಕು, ದರ್ಜಿಯಾದರೆ ಸೂಜಿ ಕದಿಯುತ್ತೇವೆ ಎನ್ನಬೇಕು. ಪ್ರಶಾಂತನದು ವಿಮಾನ ನಿಲ್ದಾಣದಲ್ಲಿ ಕೆಲಸ. ವಿಲೆ ಪಾರ್ಲೆಯಲ್ಲಿ ಮನೆ ಮಾಡಿದ್ದಾನೆ. ವಿಮಾನಕ್ಕೆ ಸಾಮಾನು ಏರಿಸುವವರ ಮೇಲ್ವಿಚಾರಣೆ ಅವನದು. ಹೀಗಾಗಿ ರುದ್ರವ್ವ ಹಾಡು ಶುರುಮಾಡಿದ್ದು ಹೀಗೆ:

ಬಂದಾರ ಬಂದಾರ ಬೀಗರು ಬಂದಾರ
ಮುಂದಿನ ಬಾಗಿಲಾ ಹಾಕಿರೇ
ಬೀಗರ ಓಣೀಗಿ ಬೆಂಕೀಯ ಹಚ್ಚೇವ
ಬೂದೀಲಿ ಹಲ್ಲ ತಿಕ್ಕೇವ

ಮಾಂವನ ಮೀಸ್ಯಾಗ ಬಾಂಬಾ ಇಟ್ಟೇವ
ಢಮ್ಮಂದ್ರ ಹಪ್ಪಳ ಸುಟ್ಟೇವ
ಅಳಿಯನ ಇಮಾನ ಹಗ್ಗಾ ಹಾಕಿ ಎಳದೇವ
ಭಾಂಡುಪ ಗುಡ್ಡಕ ಇಳಸೇವ

ಮಂಟಪದಲ್ಲಿ ನಮ್ಮವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಕರಾವಳಿಯ ಹುಡುಗ ಪ್ರಶಾಂತನಿಗೆ ಅರ್ಥ ವೈಶಾಲಿ ಕಿವಿಯಲ್ಲಿ ಹೇಳುತ್ತಿದ್ದಳು. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಫೋನಿನಲ್ಲಿ ಹಿಡಿದು, ಬೆಂಕಿಯದೊಂದು, ಬಾಂಬಿನದೊಂದು, ವಿಮಾನದ್ದೊಂದು ಚಿತ್ರ ಅಂಟಿಸಿ, "ನಮ್ಮ ಅಜ್ಜಿಯ ಪ್ಲ್ಯಾನು" ಎಂದು ಮೇಲೆ ಬರೆದು ಊರಿಗೆಲ್ಲ ಕಾಣುವಂತೆ ಹಾಕಿಬಿಟ್ಟ. ಪಾಪ, ಅವನ ಪ್ರೀತಿ ಅದು.

"ಅಕೌಂಟ್ ಹೋದ್ರ ಹೋಗ್ಲಿ ಬಿಡೋ, ಇನ್ನೊಂದ ತಗಿ," ಎಂದೆ.

"ಅಕೌಂಟ್ ಅಲ್ಲ ಅಜ್ಜರೇ. ನನ್ನ ಪಾಸ್." ವಿಮಾನ ನಿಲ್ದಾಣದ ಒಳಗೆ ಹೋಗಲು ಕೊರಳಲ್ಲಿ ಒಂದು ಪಾಸು ಬೇಕು. ಅದರ ಅವಧಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಈ ಹುಡುಗ ಸುಳ್ಳು ಬಾರದವನು. ನೋಟಿಸು ಬಂದ ಮರುಬೆಳಿಗ್ಗೆಯೇ ಹೋಗಿ ತನ್ನ ಮೇಲಧಿಕಾರಿಗೆ ತೋರಿಸಿದ್ದಾನೆ. ಅವರು, ತಪ್ಪಾಗಿದೆ ಎಂದು ಅಕೌಂಟ್ ಬಂದ್ ಮಾಡಿದ ಕಂಪನಿಯವರೇ ಬರೆದುಕೊಟ್ಟರೆ ಪಾಸಿನ ಕಾಗದ ಮುಂದೆ ಕಳಿಸುತ್ತೇನೆ, ಇಲ್ಲದಿದ್ದರೆ ನನ್ನ ಕೈಯಲ್ಲಿಲ್ಲ ಎಂದಿದ್ದಾರೆ. ಪಾಸಿಲ್ಲದಿದ್ದರೆ ಗೇಟಿಲ್ಲ. ಗೇಟಿಲ್ಲದಿದ್ದರೆ ಕೆಲಸವಿಲ್ಲ.

ರುದ್ರವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಹಾಡಿದಾಕಿ ನಾನು. ನನ್ನ ಹಿಡಕೊಂಡ ಹೋಗ್ರಿ ಅಂತ ಬರಿ ಅವರಿಗೆ."

"ದಾದೀ, ಪ್ಲೀಸ್! ಐಸಾ ಕುಛ್ ನಹೀ ಲಿಖನಾ," ಎಂದಳು ವೈಶಾಲಿ. ಅವಳಿಗೆ ಕನ್ನಡ ಪೂರಾ ತಿಳಿಯುತ್ತದೆ. ಆಡುವಾಗ ಮಾತ್ರ ಹಿಂದಿ ಮುಂದೆ ಬಂದು ನಿಲ್ಲುತ್ತದೆ. "ಹಾಗೆಲ್ಲ ಬರೆಯೋದು ಬೇಡ, ಅಪೀಲ್ ಮಾಡೋಣ. ಹಾಡಿನ ಮೀನಿಂಗ್ ಬರೆದು ಕಳಿಸೋಣ, ಬಸ್."

ಕೂತೆವು. ರುದ್ರವ್ವ ಒಂದೊಂದು ಸಾಲು ಹಾಡುವುದು, ವೈಶಾಲಿ ಅದನ್ನು ಇಂಗ್ಲಿಷಿಗೆ ತಿರುಗಿಸಿ ಒತ್ತುವುದು. ಆಮೇಲೆ ಬರೆದದ್ದನ್ನು ನಮಗೆ ತಿಳಿಯುವಂತೆ ಓದಿದಳು: "ನಾವು ನಿಮ್ಮ ಬೀದಿಗೆ ಬೆಂಕಿ ಹಚ್ಚುತ್ತೇವೆ. ಮಾವನವರ ಮುಖದ ಮೇಲೆ ಬಾಂಬು ಇಡುತ್ತೇವೆ. ವಿಮಾನವನ್ನು ಬಲವಂತದಿಂದ ಗುಡ್ಡದ ಮೇಲೆ ಇಳಿಸುತ್ತೇವೆ. ಇದು ನಮ್ಮ ಸಂಪ್ರದಾಯ."

ಪ್ರಶಾಂತ ತಲೆಯ ಮೇಲೆ ಕೈ ಇಟ್ಟುಕೊಂಡ.

"ಇದನ್ನ ಓದಿದ್ರ ನಾನೂ ಪೊಲೀಸರ ಕರೀತೀನಿ," ಎಂದೆ.

"ಅರ್ಥ ಅದs ಐತಲ್ಲ! ಮತ್ತೇನ ಸುಳ್ಳ ಬರಿಸೂದು?" ಎಂದಳು ರುದ್ರವ್ವ. "ಹಪ್ಪಳದ್ದ ಯಾಕ ಬಿಟ್ಟಿ? ಅದನ್ನ ಹಾಕು. ಹಪ್ಪಳ ಸುಟ್ಟವರ್ನ ಯಾರ ಹಿಡೀತಾರ?"

ಹಪ್ಪಳವನ್ನೂ ಸೇರಿಸಿ ಕಳಿಸಿದೆವು. ಚಹಾ ಬಟ್ಟಲಿಗೆ ಬಗ್ಗಿಸುವಷ್ಟರಲ್ಲಿ ಉತ್ತರ ಬಂತು. ನಿಮ್ಮ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇವೆ, ನಿರ್ಧಾರದಲ್ಲಿ ಬದಲಾವಣೆ ಇಲ್ಲ.

"ಇಷ್ಟ ಲಗೂ ಕೂಲಂಕಷ?" ಎಂದಳು ರುದ್ರವ್ವ. "ಅಕ್ಕಿ ಆರಿಸಾಕೂ ಇದಕ್ಕಿಂತ ಹೊತ್ತ ಹಿಡೀತೈತಿ."

"ಮನುಷ್ಯರು ನೋಡಿಲ್ಲ ಅಜ್ಜಿ. ಅದೂ ಯಂತ್ರವೇ," ಎಂದ ಪ್ರಶಾಂತ.

ಯಂತ್ರದ ಮೇಲಿನ ದೂರನ್ನು ಯಂತ್ರವೇ ಕೇಳಿ ಯಂತ್ರದ್ದೇ ಸರಿ ಎಂದಿತ್ತು. ವೈಶಾಲಿಗೆ ಸಿಟ್ಟು ನೆತ್ತಿಗೇರಿತು. ಇಂಥವನ್ನೆಲ್ಲ ಕಿತ್ತು ಸಮುದ್ರಕ್ಕೆ ಹಾಕಬೇಕು, ಯಾರು ಏನು ಬೇಕಾದರೂ ಹಾಕಲಿ, ತೆಗೆಯಲು ಇವರ್ಯಾರು ಎಂದು ಕೂಗಾಡಿದಳು.

ಮನೆಯಲ್ಲಿ ಮಾತಿನ ಇಲಾಖೆ ರುದ್ರವ್ವನದು. ಆದರೂ ಅವತ್ತು ನಾನು ಬಾಯಿ ಬಿಟ್ಟೆ. "ಹಂಗನ್ನಬ್ಯಾಡವಾ. ಲೋಕಲ್ ಗಾಡ್ಯಾಗ ಬಾಂಬ್ ಸಿಡಿದ ಸಂಜಿ ನೀ ಸಣ್ಣಾಕಿ. ನಿಮ್ಮ ಸೋಮನಾಥ ಕಾಕಾ ಆ ಗಾಡ್ಯಾಗಿದ್ದ. ಫೋನ್ ಹತ್ತಲಿಲ್ಲ. ನಾ ಸ್ಟೇಷನ್ನಿಂದ ಸ್ಟೇಷನ್ನಿಗೆ ನಡಕೋತ ಹುಡಕಿದೆ. ಸಿಕ್ಕ. ಒಂದ ಕಿವಿ ಇವತ್ತಿಗೂ ಕೇಳೂದಿಲ್ಲ. ಅಂಥಾದ್ದ ಮಾಡ್ರಿ ಅಂತ ಹೇಳಿಕೊಡೂ ವಿಡಿಯೋ ಇದ್ರ ತಗೀಬೇಕ. ಹಾಕಿದ ಕೂಡ್ಲೆ ತಗೀಬೇಕ."

ವೈಶಾಲಿ ದನಿ ಇಳಿಸಿ ಕೇಳಿದಳು: "ಫಿರ್ ದಾದೀದು?"

"ನಿಮ್ಮ ದಾದೀದು ತಗದಿದ್ದ ತಪ್ಪು. ಎರಡೂ ಖರೇನs."

ಪ್ರಶಾಂತ ಅಷ್ಟರಲ್ಲಿ ಫೋನಿನಲ್ಲಿ ಹುಡುಕಿ ಹುಡುಕಿ ಒಂದು ದಾರಿ ಕಂಡುಹಿಡಿದ. ಇಂಥ ಕಂಪನಿಗಳಲ್ಲಿ ಜನರ ದೂರು ಕೇಳಲು ಒಬ್ಬ ಅಧಿಕಾರಿ ಇರಲೇಬೇಕಂತೆ, ಕಾಯ್ದೆಯಂತೆ. ಅವರಿಗೆ ಬರೆದ. ಈ ಸಲ ಹಾಡಿನ ಅರ್ಥ ಬರೆಯಲಿಲ್ಲ. "ದಯವಿಟ್ಟು ಕನ್ನಡ ಬರುವ ಒಬ್ಬ ಮನುಷ್ಯರು ಇದನ್ನು ಕೇಳಲಿ" ಎಂದಷ್ಟೇ ಬರೆದ.

ಆ ವಾರ ನಮ್ಮ ಮನೆಯಲ್ಲಿ ಹಾಡೇ ಇರಲಿಲ್ಲ. ರುದ್ರವ್ವ ರೊಟ್ಟಿ ಬಡಿಯುವಾಗ ಗುನುಗುವವಳು. ಈಗ ಬರೀ ಬಡಿತ. ಮೊಮ್ಮಗಳ ಗಂಡನ ಅನ್ನಕ್ಕೆ ತನ್ನ ಬಾಯಿಯೇ ಅಡ್ಡ ಬಂತಲ್ಲ ಎಂಬ ಸಂಕಟ ಅವಳದು. ನನಗೂ ಆ ಹಾಡಿಲ್ಲದ ರೊಟ್ಟಿ ರುಚಿಸಲಿಲ್ಲ.

ಬುಧವಾರ ಪ್ರಶಾಂತನ ಫೋನು ಬಂತು. ಕಂಪನಿಯಿಂದ ವಿನೋದಿನಿ ಎಂಬುವರು ಮಾತಾಡಿದ್ದಾರೆ. ಮೈಸೂರು ಕಡೆಯವರು, ಕನ್ನಡ ಬಲ್ಲವರು. ಶನಿವಾರ ವಿಡಿಯೋದಲ್ಲಿ ಎಲ್ಲರನ್ನೂ ನೋಡಿ ಮಾತಾಡಿ ತೀರ್ಮಾನ ಮಾಡುತ್ತಾರೆ. "ಆದ್ರೆ ಒಂದು ಶರತ್ತುಂಟು ಅಜ್ಜರೇ. ಯಾರಿಗೆ ಬೆದರಿಕೆ ಹಾಕಿದ್ದೋ ಅವರು ಬಂದು, ನಮಗೆ ಹೆದರಿಕೆ ಆಗ್ಲಿಲ್ಲ ಅಂತ ಹೇಳ್ಬೇಕಂತೆ."

"ಹೇಳಸು. ನಿಮ್ಮ ಅವ್ವನs ಅಲ್ಲ?"

"ಅದೇ ಕಷ್ಟ. ಅಮ್ಮ ಬರುದಿಲ್ಲ ಅಂತಾರೆ."

ಪ್ರಶಾಂತನ ತಾಯಿ ನೀಲಾವತಿ, ತಂದೆ ಅಣ್ಣು. ಉಡುಪಿ ಕಡೆಯವರು. ಅಣ್ಣು ಮಾಟುಂಗದ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾರೆ. ಮದುವೆಯಾದ ಮೇಲೆ ಆ ಮನೆಯಿಂದ ರುದ್ರವ್ವನಿಗೆ ಒಂದು ಫೋನೂ ಬಂದಿರಲಿಲ್ಲ. ಇವಳೂ ಮಾಡಿರಲಿಲ್ಲ.

ಗುರುವಾರ ನಾನು ಸ್ಲೋ ಲೋಕಲ್ ಹತ್ತಿ ಮಾಟುಂಗಕ್ಕೆ ಹೋದೆ. ಅಣ್ಣು ನನ್ನನ್ನು ಕಂಡು ಗಲ್ಲೆ ಬಿಟ್ಟು ಎದ್ದು ಬಂದರು. ಫ್ಯಾನಿನ ಕೆಳಗಿನ ಟೇಬಲ್ಲಿಗೆ ಕೂರಿಸಿ ಕಾಫಿ ತರಿಸಿ, ಮೇಲಿನ ಮನೆಯಿಂದ ಹೆಂಡತಿಯನ್ನು ಕರೆಸಿದರು. ತಮ್ಮ ಮೀಸೆಯಲ್ಲಿ ಬಾಂಬು ಇಟ್ಟದ್ದರ ಬಗ್ಗೆ ಅವರಿಗೆ ಏನೂ ಬೇಸರವಿದ್ದಂತೆ ಕಾಣಲಿಲ್ಲ. "ನನ್ನ ಮೀಸೆಗೆ ಯಾರಾದ್ರೂ ಇಷ್ಟು ಮರ್ಯಾದೆ ಕೊಟ್ಟದ್ದು ಇದೇ ಮೊದಲು," ಎಂದು ಅದನ್ನೊಮ್ಮೆ ತಿರುವಿದರು.

ನೀಲಾವತಿ ಬಂದು ನನ್ನ ಎದುರು ಕೂತಳು. ಮುಖ ಬಿಗಿದಿತ್ತು.

"ಯವ್ವಾ, ಹುಡುಗನ ಕೆಲಸದ ಮಾತು. ಬಂದು ಒಂದ ಮಾತ ಹೇಳಿಬಿಡು. ಬೆಂಕಿ ಗಿಂಕಿ ಅಂದದ್ದೆಲ್ಲಾ ಚಾಷ್ಟಿ..."

"ಬೆಂಕಿ ಹಚ್ಲಿ ಅಜ್ಜರೇ," ಎಂದಳು ಅವಳು. "ಬಾಂಬೂ ಇಡ್ಲಿ. ಅದಕ್ಕೆಲ್ಲ ನಾನು ಎಂತ ಹೇಳುದಿಲ್ಲ. ಆದ್ರೆ ಸಾಂಬಾರಿಗೆ ಹೇಳಿದ್ದು ಯಾಕೆ?"

"ಸಾಂಬಾರ?"

"ಮೂರನೇ ಪದ್ಯ." ಅವಳು ಬಾಯಿಪಾಠ ಒಪ್ಪಿಸಿದಳು, ನಮ್ಮ ಕಡೆಯ ಮಾತು ಅವಳ ಬಾಯಲ್ಲಿ ಎಡವುತ್ತಿತ್ತು:

ಬೀಗಿತಿ ಸಾಂಬಾರ ಬಾವೀಯ ನೀರವ್ವ
ಬ್ಯಾಳೀಯ ಹುಡುಕಾಕ ದೀಪಾ ತರ್ರೆವ್ವ
ಬ್ಯಾಳಿ ತವರಿಗಿ ಹೋಗೇತಿ

"ಈ ಹೋಟೆಲಿನ ಸಾಂಬಾರಿನ ಮಸಾಲೆ ಮದುವೆಯಾಗಿ ಬಂದಾಗಿಂದ ನಾನೇ ಹುರಿದು ಕೊಡುದು. ವಡಾಳೆಯಿಂದ, ಸಯನ್ನಿಂದ ಜನ ಬರ್ತಾರೆ, ಗೊತ್ತುಂಟಾ? ಇಡೀ ಮಂಟಪದ ಎದುರು ಬೇಳೆ ತವರಿಗೆ ಹೋಯ್ತು ಅಂದ್ರಲ್ಲ!" ಅವಳ ಕಣ್ಣಲ್ಲಿ ನಿಜವಾಗಿ ನೀರು ಬಂತು.

ನಾನು ಕಾಫಿ ಕೆಳಗಿಟ್ಟೆ. ಬೆಂಕಿ, ಬಾಂಬು, ವಿಮಾನ ಎಲ್ಲ ಹಿಡಿದ ಯಂತ್ರ ಆ ಪದ್ಯವನ್ನು ಮುಟ್ಟಿಯೂ ನೋಡಿರಲಿಲ್ಲ. ಇಡೀ ಹಾಡಿನಲ್ಲಿ ಒಬ್ಬರಿಗಾದರೂ ನೋವಾದದ್ದು ಅಲ್ಲೇ.

"ನೀ ಯಾಕ ತಿರುಗಿ ಬೈಲಿಲ್ಲ?" ಎಂದೆ.

"ನಾನು? ಬೈಯುದಾ?"

"ನಮ್ಮಲ್ಲಿ ಬೀಗಿತಿ ಎದ್ದು ಹಾಡ್ಲೆಂದs ಬೈತಾರ. ಅಕಿ ಮೂರು ಪದಾ ಹಾಡಿ ಬಾಯಿ ಮುಚ್ಚಿಕೊಂಡು ನಿನ್ನ ಮಾರಿ ನೋಡಿದಳು, ನೆನಪೈತೇನು? ನಿನ್ನ ಪಾಳಿ ಅದು. ನೀ ಕೈಕಟ್ಟಿ ಕುಂತಿ. ಉತ್ತರಾ ಬರದಿದ್ದ ಹಾಡು ಹಾಡಿದಾಕಿ ಮ್ಯಾಲೇ ಬೀಳತೈತಿ. ನಾ ಉತ್ತರಕ್ಕೂ ಯೋಗ್ಯ ಅಲ್ಲಂತ ತಿಳಕೊಂಡಾಳ ಬೀಗಿತಿ ಅಂತ ಅಕೀನೂ ಮನಿಗೆ ಬಂದು ಉಣ್ಣಲಿಲ್ಲ."

ನೀಲಾವತಿ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು. "ಕೇಳಿದ್ರಾ? ನನಗೆ ಯಾರಾದ್ರೂ ಮೊದಲೇ ಹೇಳ್ಬಾರದಾ ಮಾರಾಯ್ರೇ!"

ತಪ್ಪು ನಮ್ಮದೇ. ಮದುವೆಗೆ ಸೀರೆ, ಹೂವು, ಹಾಲು ಎಲ್ಲ ವಿಚಾರಿಸಿದ್ದೆವು. ಬೈಸಿಕೊಳ್ಳುವವರಿಗೆ ಬೈಯುವ ಪದ್ಧತಿ ಹೇಳಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಹುಟ್ಟಿದಾಗಿನಿಂದ ಕೇಳಿದವರಿಗೆ ಅದು ಹೇಳಬೇಕಾದ ಮಾತೇ ಅಲ್ಲ.

ಶನಿವಾರ ನಮ್ಮ ಎರಡು ಕೋಣೆಯ ಮನೆಯಲ್ಲಿ ಎಲ್ಲರೂ ಒತ್ತಿಕೊಂಡು ಕೂತೆವು. ವೈಶಾಲಿ ಸಕ್ಕರೆ ಡಬ್ಬಿಗೆ ಫೋನನ್ನು ಆನಿಸಿ ನಿಲ್ಲಿಸಿದಳು. ಪ್ರಶಾಂತ ಮೇಲಿಂದ ಮೇಲೆ ಬೆವರು ಒರೆಸುತ್ತಿದ್ದ. ರುದ್ರವ್ವ ಮತ್ತು ನೀಲಾವತಿ ಒಂದೇ ಚಾಪೆಯ ಎರಡು ತುದಿಗೆ ಕೂತಿದ್ದರು, ನಡುವೆ ಒಂದು ಎಮ್ಮೆ ಮಲಗುವಷ್ಟು ಜಾಗ ಬಿಟ್ಟು.

ಪರದೆಯ ಮೇಲೆ ಕನ್ನಡಕ ಹಾಕಿಕೊಂಡ ಹೆಣ್ಣುಮಗಳೊಬ್ಬಳು ಬಂದಳು. "ನಮಸ್ಕಾರ, ನಾನು ವಿನೋದಿನಿ. ಹಾಡು ಕೇಳಿದೀನಿ. ಕೆಲವು ಪ್ರಶ್ನೆ ಕೇಳಬೇಕು, ಅದು ನಮ್ಮ ನಿಯಮ. ಬೆದರಿಕೆಗೆ ಒಳಗಾದವರು ಯಾರು?"

"ನಾನು," ಎಂದು ನೀಲಾವತಿ ಸೆರಗು ಸರಿಮಾಡಿಕೊಂಡಳು.

"ಬೀದಿಗೆ ಬೆಂಕಿ ಹಚ್ತೀವಿ ಅಂದಾಗ ನಿಮಗೆ ಭಯ ಆಯ್ತಾ ಅಮ್ಮಾ?"

"ಇಲ್ಲಪ್ಪ. ನಮ್ಮದು ಮೂರನೇ ಮಾಳಿಗೆ, ಲಿಫ್ಟ್ ಇಲ್ಲ. ಈ ಅಜ್ಜಿಗೆ ಮೊಣಕಾಲು ನೋವು. ಬೆಂಕಿ ಹಿಡ್ಕೊಂಡು ಅಷ್ಟು ಮೇಲೆ ಹತ್ತುದುಂಟಾ?"

"ಯಾಕ ಹತ್ತೂದಿಲ್ಲ?" ರುದ್ರವ್ವನಿಗೆ ತಡೆಯಲಾಗಲಿಲ್ಲ. "ಮನಸ ಮಾಡಿದ್ರ ಹತ್ತತೀನಿ!"

ವೈಶಾಲಿ ಅಜ್ಜಿಯ ಬಾಯಿಗೆ ಕೈ ಒತ್ತಿದಳು. ಪ್ರಶಾಂತ ಗೋಡೆಗೆ ಹಣೆ ಹಚ್ಚಿ ನಿಂತ.

"ಅಜ್ಜೀ," ವಿನೋದಿನಿ ತುಟಿ ಕಚ್ಚಿಕೊಂಡಂತೆ ಕಂಡಿತು, "ಈ ವಿಮಾನ ಎಳೆಯೋ ಹಗ್ಗ... ಅಂಥದ್ದೇನಾದ್ರೂ ನಿಮ್ಮ ಹತ್ರ ಇದೆಯಾ?"

"ಅರಿವಿ ಒಣಹಾಕೂದ ಒಂದೈತಿ. ಅದೂ ನಡುವ ಹರದೈತಿ."

"ಬರ್ಕೊಂಡೆ. ಅಮ್ಮಾ, ಹಾಗಾದ್ರೆ ಈ ಹಾಡಿಂದ ನಿಮಗೆ ಯಾವ ತೊಂದರೆಯೂ ಆಗಿಲ್ಲ?"

ನೀಲಾವತಿಯೂ ಮಗನಂತೆಯೇ ಸುಳ್ಳು ಬಾರದವಳು. "ಆಯ್ತು," ಎಂದಳು. ಪ್ರಶಾಂತ ಗೋಡೆಯಿಂದ ಹಣೆ ಎತ್ತಿದ. "ಸಾಂಬಾರಿಗೆ ಆಯ್ತು."

"ಸಾಂಬಾರು ನಮ್ಮ ನಿಯಮದಲ್ಲಿ ಬರಲ್ಲ ಅಮ್ಮಾ."

"ಸೇರಿಸಿ ಮತ್ತೆ!"

"ಆ ಅಧಿಕಾರ ನನಗಿಲ್ಲ."

"ಹಾಗಾದ್ರೆ ಅದನ್ನು ನಾನೇ ನೋಡಿಕೊಳ್ತೇನೆ." ನೀಲಾವತಿ ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಫೋನಿಗೆ ಬೆನ್ನು ಹಾಕಿ ರುದ್ರವ್ವನ ಕಡೆ ತಿರುಗಿ, ಎರಡು ದಿನ ಮಸಾಲೆ ಹುರಿಯುತ್ತ ಕಟ್ಟಿಕೊಂಡದ್ದನ್ನು ಎತ್ತಿದಳು:

ಭಾಂಡುಪು ಗುಡ್ಡೆಯ ಬೀಗಿತಿ ಹಾಡಿದಳು
ಕಾಗೆಯೂ ಕಿವಿ ಮುಚ್ಚಿ ಓಡಿತು
ರೊಟ್ಟಿಯ ಬಡಿದಳು ಬಿಲ್ಡಿಂಗು ನಡುಗಿತು
ಕೆಳಗಿನ ಮನೆ ಮಗು ಎದ್ದಿತು

ಆ ರೊಟ್ಟಿ ಕಚ್ಚಲು ಹೋದನು ನನ ಮಗ
ಹಲ್ಲನು ಅಲ್ಲೇ ಬಿಟ್ಟನು
ಪಾರ್ಲೆಗೆ ಬಂದನು ಬೊಚ್ಚು ಬಾಯಿಯ ಗಂಡ
ಹೆಂಡತಿ ಗುರುತೇ ಹಿಡಿಯಳು

ರಾಗ ನಮ್ಮದಲ್ಲ, ಸಮುದ್ರದ ಕಡೆಯದು. ತಾಳವೂ ಅಲ್ಲಲ್ಲಿ ತಪ್ಪಿತು. ಆದರೆ ಕಾಗೆ ಓಡಿದಲ್ಲಿಗೇ ರುದ್ರವ್ವನ ಮುಖ ಅರಳಿತು, ಮಗು ಎದ್ದಲ್ಲಿ ಅವಳು ಚಪ್ಪಾಳೆ ಹಾಕತೊಡಗಿದ್ದಳು, ಹಲ್ಲು ಬಿಟ್ಟಲ್ಲಿ "ಅಯ್ಯ ನನ್ನ ಶಿವನs!" ಎಂದು ಚಾಪೆಯ ಆ ತುದಿಯಿಂದ ಈ ತುದಿಗೆ ಬಂದು ಬೀಗಿತಿಯ ಕೈ ಹಿಡಿದುಕೊಂಡಳು. "ಇಷ್ಟ ಛಲೋ ಬೈಯಾಕ ಬರತೈತಿ, ಮಂಟಪದಾಗ ಯಾಕ ಸುಮ್ಮ ಕುಂತಿದ್ದೀ ನಮ್ಮವ್ವ?"

ಫೋನಿನಿಂದ ಒಂದು ವಿಚಿತ್ರ ಸದ್ದು ಬರುತ್ತಿತ್ತು. ವಿನೋದಿನಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಕ್ಷಮಿಸಿ. ನಾನು ನಗಬಾರದು." ಆಮೇಲೆ ಅವಳ ದನಿ ಇಳಿಯಿತು. "ನಿಜವಾದವೂ ಬರುತ್ತೆ. ಇವತ್ತು ಬೆಳಿಗ್ಗೆ ನೋಡಿದ ಒಂದು ಇನ್ನೂ ಕಣ್ಣಿಂದ ಹೋಗಿಲ್ಲ. ಅಷ್ಟೊಂದು ಬರೋವಾಗ ಎಲ್ಲವನ್ನೂ ನಾವೇ ನೋಡೋಕಾಗಲ್ಲ, ಮೊದಲು ಯಂತ್ರಾನೇ ಹಿಡಿಯುತ್ತೆ. ಕನ್ನಡ ನೋಡೋರು ನಾವು ಕೈಬೆರಳೆಣಿಕೆ ಜನ."

ನಾನು ಫೋನಿನ ಹತ್ತಿರ ಸರಿದೆ. "ತಂಗೀ, ನಾಯಿ ಇರಬೇಕ. ಬೊಗಳಬೇಕ. ಬ್ಯಾಡನ್ನೂದಿಲ್ಲ. ಆದ್ರ ಕಚ್ಚೂಕಿಂತ ಮೊದಲ ಮನಿಯವರು ಒಬ್ಬರು ಹೊರಗ ಬಂದು ಯಾರು ಅಂತ ನೋಡಬೇಕವಾ. ಬಂದಾಂವ ಅಳಿಯ ಇದ್ದರೂ ಇದ್ದಾನು."

ಅವಳು ಪೆನ್ನು ಕೈಗೆತ್ತಿಕೊಂಡಳು. "ಬರ್ಕೊಳ್ಲಾ ಅಜ್ಜ ಇದನ್ನ?" ಎಂದಳು.

ಮಂಗಳವಾರ ಪತ್ರ ಬಂತು. ವೈಶಾಲಿ ಓದಿ ಹೇಳಿದಳು: ಇದು ಮದುವೆಯ ರೂಢಿಯ ಹಾಡು, ಯಾರಿಗೂ ಬೆದರಿಕೆಯಲ್ಲ, ತೆಗೆದದ್ದು ತಪ್ಪು, ಖಾತೆಯ ಮೇಲೆ ಯಾವ ಕಳಂಕವೂ ಉಳಿದಿಲ್ಲ. ಕೆಳಗೆ ಇನ್ನೊಂದು ಸಾಲಿತ್ತು. ಹಾಡು ಒರಟಾಗಿರುವುದರಿಂದ ಹದಿನೆಂಟು ವರ್ಷ ತುಂಬಿದವರಿಗೆ ಮಾತ್ರ ಕಾಣುತ್ತದೆ.

"ಹದಿನೆಂಟ?" ಎಂದಳು ರುದ್ರವ್ವ. "ಇದನ್ನ ಹಾಡಾಕ ಕಲತಾಗ ನನಗ ಹತ್ತಿತ್ತು!"

ಪ್ರಶಾಂತ ಪತ್ರವನ್ನು ಮೇಲಧಿಕಾರಿಯ ಕೈಗೆ ಕೊಟ್ಟ. ತಿಂಗಳು ಮುಗಿಯುವ ಮೊದಲೇ ಹೊಸ ಪಾಸು ಬಂತು. ಅದರಲ್ಲಿನ ಫೋಟೋದಲ್ಲಿ ಅವನ ಕಣ್ಣು ಇನ್ನೂ ಹೆದರಿದ ಹಾಗೇ ಇದೆ. ಫೋಟೋ ತೆಗೆದದ್ದು ಆ ವಾರದಲ್ಲೇ.

ಆ ಖುಷಿಗೆ ಮುಂದಿನ ಭಾನುವಾರ ಎಲ್ಲರೂ ನಮ್ಮಲ್ಲಿ ಊಟಕ್ಕೆ ಸೇರಿದೆವು. ತಾಟು ಹಾಕುವ ಮೊದಲೇ ರುದ್ರವ್ವ ಗಂಟಲು ಸರಿಮಾಡಿಕೊಂಡಳು. ಬೀಗಿತಿಗೆ ಉತ್ತರ ಬಾಕಿ ಇತ್ತಲ್ಲ. ನೀಲಾವತಿಯೂ ಸೆರಗು ಸಿಕ್ಕಿಸಿಕೊಂಡು ತಯಾರಾಗಿ ಕೂತಳು.

"ಒಂದು ನಿಮಿಷ ಅಜ್ಜೀ! ಅಮ್ಮಾ, ಒಂದೇ ನಿಮಿಷ!" ಎಂದು ಪ್ರಶಾಂತ ಜಿಗಿದೆದ್ದ. ಮನೆಯಲ್ಲಿದ್ದ ಫೋನುಗಳನ್ನೆಲ್ಲ ಒಟ್ಟುಮಾಡಿದ: ತನ್ನದು, ವೈಶಾಲಿಯದು, ತಂದೆಯದು, ತಾಯಿಯದು, ನನ್ನ ಗುಂಡಿ ಒತ್ತುವ ಹಳೆಯದನ್ನೂ ಬಿಡಲಿಲ್ಲ. ಎಲ್ಲವನ್ನೂ ಕಪಾಟಿನಲ್ಲಿ ಹಾಕಿ, ಕೀಲಿ ತಿರುಗಿಸಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಪಾಸು ಅಂಗಿಯ ಒಳಗೆ ಎದೆಗೆ ಅಂಟಿಕೊಂಡಿತ್ತು.

"ಹಾಂ," ಎಂದ, "ಈಗ ಬೈಯಿರಿ."